ಪರದೆ ಬೆಳ್ಳಗಾದರೆ ಲ್ಯಾಪ್‌ಟಾಪ್ ಸತ್ತಿದೆ ಅಂತಲ್ಲ

ಪ್ರಶ್ನೆ: ದಾವಣಗೆರೆ ಎಪಿಎಂಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸೀಸನ್‌ನಲ್ಲಿ ಲೆಕ್ಕದ ಶೀಟ್ ಬೆಳಗ್ಗೆಯಿಂದ ತೆರೆದೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಹ್ಯಾಂಗ್ ಆಗುತ್ತದೆ. ಪರದೆ ಬೆಳ್ಳಗೆ ಮಸುಕಾಗುತ್ತದೆ, ಮೌಸ್ ಮಾತ್ರ ಓಡಾಡುತ್ತದೆ. ರೈತರು ಪಟ್ಟಿಗೆ ಅಂತ ಎದುರಿಗೇ ನಿಂತಿರುತ್ತಾರೆ, ಹಾಗಾಗಿ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತೇನೆ. ಕಳೆದ ವಾರ ಹಾಗೆ ಮಾಡಿ ಅರ್ಧ ದಿನದ ತೂಕದ ಲೆಕ್ಕವೇ ಹೋಯಿತು. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಅರ್ಧ ದಿನದ ತೂಕ ಹೋಯಿತು ಅಂತ ಓದಿ ಹೊಟ್ಟೆ ಚುರ್ ಅಂದಿತು. ಚೀಲಗಳು ಆಗಲೇ ಲಾರಿ ಹತ್ತಿರುತ್ತವೆ, ಮತ್ತೆ ಇಳಿಸಿ ತೂಗುವುದಕ್ಕೆ ಆಗುವುದಿಲ್ಲ ಅಲ್ವಾ. ಇನ್ನು ಮುಂದೆ ಹಾಗಾಗಬಾರದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೌಸ್ ಓಡಾಡುತ್ತಿದೆ ಎಂದರೆ ಲ್ಯಾಪ್‌ಟಾಪ್ ಚೆನ್ನಾಗೇ ಇದೆ, ಒಂದು ಪ್ರೋಗ್ರಾಮ್ ಮಾತ್ರ ಮಾತಾಡುತ್ತಿಲ್ಲ. ಇಲ್ಲಿ ಕ್ಲಿಕ್ ಆಯಿತು, ಈ ಕೀ ಒತ್ತಿದರು ಅಂತ ವಿಂಡೋಸ್ ಆ ಪ್ರೋಗ್ರಾಮ್‌ಗೆ ಸುದ್ದಿ ಮುಟ್ಟಿಸುತ್ತಲೇ ಇರುತ್ತದೆ. ಸುಮಾರು 5 ಸೆಕೆಂಡ್ ಕಾದರೂ ಪ್ರೋಗ್ರಾಮ್ ಆ ಸುದ್ದಿ ಎತ್ತಿಕೊಳ್ಳದಿದ್ದರೆ, ಅದರ ಜಾಗದಲ್ಲಿ ಅದರದೇ ಮಸುಕಾದ ಚಿತ್ರ ಇಟ್ಟು, ಮೇಲೆ ನಾಟ್ ರೆಸ್ಪಾಂಡಿಂಗ್ ಅಂತ ಬರೆಯುತ್ತದೆ. ನೀವು ನೋಡಿದ ಬಿಳುಪು ಇದೇ. ಒಳಗೆ ಲೆಕ್ಕ ಇನ್ನೂ ನಡೆಯುತ್ತಿರಬಹುದು. ಆ ಹೊತ್ತಿನಲ್ಲಿ ಮತ್ತೆ ಮತ್ತೆ ಕ್ಲಿಕ್ ಮಾಡಬೇಡಿ. ಕ್ಲಿಕ್‌ಗಳು ಸಾಲುಗಟ್ಟಿ ನಿಲ್ಲುತ್ತವೆ ಅಷ್ಟೇ. ಮುಚ್ಚಲಾ, ಕಾಯಲಾ ಅಂತ ಕೇಳಿದರೆ ಒಂದು ಸಲ ಕಾಯಿರಿ.

ಕಾಯುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. 1996ರ ವಿಂಡೋಸ್ ಎನ್‌ಟಿ 4ರಿಂದಲೂ ಇರುವ ಸಲಕರಣೆ ಇದು, ಆದರೂ ಎಷ್ಟೋ ಜನ ಒಮ್ಮೆಯೂ ತೆರೆದು ನೋಡಿರುವುದಿಲ್ಲ. ಅದರಲ್ಲಿ ನಿಮ್ಮ ಪ್ರೋಗ್ರಾಮ್‌ನ ಸಾಲು ಹುಡುಕಿ, ಸಿಪಿಯು ಮತ್ತು ಡಿಸ್ಕ್ ಕೆಳಗಿನ ಅಂಕಿ ನೋಡಿ. ಅಂಕಿ ಏರಿಳಿಯುತ್ತಿದ್ದರೆ ಅದು ಕೆಲಸ ಮಾಡುತ್ತಿದೆ, ನಾಲ್ಕೈದು ನಿಮಿಷ ಬಿಡಿ. ಎಲ್ಲಾ ಸೊನ್ನೆಯಲ್ಲೇ ನಿಂತಿದ್ದರೆ ಅದು ಬೇರೆ ಯಾವುದಕ್ಕೋ ಕಾಯುತ್ತಾ ಕೂತಿರಬಹುದು. ಪ್ರಿಂಟರ್ ಆಫ್ ಆಗಿದೆಯಾ? ಫೈಲ್ ಪೆನ್‌ಡ್ರೈವ್‌ನಿಂದ ತೆರೆದಿದ್ದು, ಯಾರಾದರೂ ಅದನ್ನು ಕಿತ್ತರಾ? ಮಂಡಿಯ ಇನ್ನೊಂದು ಕಂಪ್ಯೂಟರ್‌ನಲ್ಲಿರುವ ಫೈಲ್ ಆದರೆ ಅದು ಕರೆಂಟ್ ಹೋಗಿ ನಿಂತಿದೆಯಾ? ಇಂಥದನ್ನು ಸರಿಮಾಡಿದ ಕೂಡಲೇ ಶೀಟ್ ತಾನಾಗೇ ಎದ್ದು ಕೂತಿದ್ದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಕಾದರೂ ಆಗಲಿಲ್ಲ ಅನ್ನಿ. ಮುಚ್ಚುವ ಮೊದಲು ಮೊಬೈಲ್ ತೆಗೆದು ಪರದೆಯ ಫೋಟೋ ಹಿಡಿಯಿರಿ. ಮಸುಕಾಗಿದ್ದರೂ ಅಂಕಿಗಳು ಸಾಮಾನ್ಯವಾಗಿ ಓದುವಂತೆಯೇ ಇರುತ್ತವೆ. ಕೊನೆಯ ಇಪ್ಪತ್ತು ಮೂವತ್ತು ಸಾಲಿನ ಚೀಲ, ಕ್ವಿಂಟಲ್, ದರ ಅಷ್ಟೂ ನಿಮ್ಮ ಕೈಯಲ್ಲಿ ಉಳಿಯುತ್ತದೆ. ನನ್ನದೇ ಎರಡು ಗಂಟೆಯ ಕೆಲಸ ಒಮ್ಮೆ ಹೀಗೆ ಹೋದ ಮೇಲೆ ಕಲಿತದ್ದು ಇದು, ಅವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ. ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಸಾಲನ್ನು ಆರಿಸಿ ಎಂಡ್ ಟಾಸ್ಕ್ ಒತ್ತಿ. ಆ ಪ್ರೋಗ್ರಾಮ್ ಒಂದೇ ಮುಚ್ಚುತ್ತದೆ, ಉಳಿದದ್ದಕ್ಕೆ ಏನೂ ಆಗುವುದಿಲ್ಲ.

ನೀವು ಬಳಸುವುದು ಎಕ್ಸೆಲ್ ಆದರೆ ಮತ್ತೆ ತೆರೆದಾಗ ಎಡಗಡೆ ಉಳಿಸಿಕೊಂಡ ಪ್ರತಿಗಳ ಪಟ್ಟಿ ಬರಬಹುದು. ಗಡಿಬಿಡಿಯಲ್ಲಿ ಅದನ್ನು ಮುಚ್ಚಬೇಡಿ, ಸಮಯ ನೋಡಿ ಹೊಸದನ್ನು ತೆರೆದು ಬೇರೆ ಹೆಸರಲ್ಲಿ ಸೇವ್ ಮಾಡಿ. ನೀವು ಬದಲಿಸದಿದ್ದರೆ ಎಕ್ಸೆಲ್ ತಾನಾಗಿ ಪ್ರತಿ ಇಟ್ಟುಕೊಳ್ಳುವುದು 10 ನಿಮಿಷಕ್ಕೊಮ್ಮೆ. ಫೈಲ್, ಆಪ್ಷನ್ಸ್, ಸೇವ್ ಅಂತ ಹೋಗಿ ಅದನ್ನು 2 ನಿಮಿಷಕ್ಕೆ ಇಳಿಸಿ, ಇವತ್ತೇ ಇಳಿಸಿ. ಸೀಸನ್‌ನಲ್ಲಿ 10 ನಿಮಿಷ ಅಂದರೆ ಎಷ್ಟು ಚೀಲ ಅಂತ ನಿಮಗೇ ಗೊತ್ತು. ಆದರೆ ಅದನ್ನೇ ನಂಬಿ ಕೂರಬೇಡಿ, ಒಬ್ಬ ರೈತರ ಪಟ್ಟಿ ಮುಗಿದ ಕೂಡಲೇ ಕಂಟ್ರೋಲ್ ಜೊತೆ ಎಸ್ ಒತ್ತುವುದು ಕೈಗೆ ರೂಢಿಯಾಗಲಿ.

ಇನ್ನು ಮಧ್ಯಾಹ್ನವೇ ಯಾಕೆ? ನನಗೆ ಅನುಮಾನ ಇರುವುದು ದೂಳಿನ ಮೇಲೆ. ಮೆಕ್ಕೆಜೋಳ ಸುರಿಯುವಾಗ ಏಳುವ ಹೊಟ್ಟು ದೂಳು ಲ್ಯಾಪ್‌ಟಾಪ್‌ನ ಗಾಳಿಕಿಂಡಿಗೆ ಹೋಗಿ, ಒಳಗಿನ ಫ್ಯಾನ್ ಹಿಂದೆ ಮೆತ್ತನೆಯ ಪದರವಾಗಿ ಕೂರುತ್ತದೆ. ಬಿಸಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಬೆಳಗ್ಗೆ ಸಲೀಸಾಗಿ ಓಡಿದ ಶೀಟ್ ಮಧ್ಯಾಹ್ನ ತೆವಳುವುದಕ್ಕೆ ಇಷ್ಟು ಸಾಕು. ಅಡಿಯಲ್ಲಿ ಕೈ ಇಟ್ಟು ನೋಡಿ, ಸುಡುತ್ತಿದ್ದರೆ ಒಳಗಿನ ಫ್ಯಾನ್ ಬಿಚ್ಚಿ ಸ್ವಚ್ಛ ಮಾಡಿಸಿ. ಚೀಲದ ಮೇಲೆ ಇಟ್ಟು ಕೆಲಸ ಮಾಡುತ್ತಿದ್ದರೆ ಅದನ್ನು ಮೊದಲು ಬಿಡಿ, ಗಟ್ಟಿ ಹಲಗೆಯ ಮೇಲೆ ಇಡಿ. ಇಡೀ ಸೀಸನ್ ಒಂದೇ ಶೀಟ್‌ನಲ್ಲಿದ್ದರೂ ಭಾರ ಜಾಸ್ತಿ, ತಿಂಗಳಿಗೊಂದು ಫೈಲ್ ಮಾಡಿಕೊಳ್ಳಿ.

ಪವರ್ ಬಟನ್ ಕಟ್ಟಕಡೆಯ ದಾರಿ. ಡಿಸ್ಕ್‌ಗೆ ಬರೆಯುತ್ತಿರುವಾಗಲೇ ಕರೆಂಟ್ ಕಿತ್ತ ಹಾಗೆ ಆಗುತ್ತದೆ. ಸೇವ್ ಆಗದ್ದು ಹೇಗೂ ಹೋಗುತ್ತದೆ, ಕೆಲವು ಸಲ ಸೇವ್ ಆದ ಫೈಲ್ ಕೂಡ ಕೆಡುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಪ್ರಾಜೆಕ್ಟ್ ವರದಿ ಟೈಪ್ ಮಾಡುವಾಗ ಮೌಸ್ ಕೂಡ ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರ್ ಕೂಡ ಬರುವುದಿಲ್ಲ.
— ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರಿದರೆ ಒಳಗೆ ಇನ್ನೂ ಜೀವ ಇದೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಿ, ಪರದೆಯ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ಒಂದು ಕ್ಷಣ ಕಪ್ಪಾದರೆ ಹೆದರಬೇಡಿ. ಬರಲಿಲ್ಲ ಎಂದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಒಂದೆರಡು ನಿಮಿಷ ಕಾಯಿರಿ. ದೀಪವೂ ಅಲುಗದಿದ್ದರೆ ಮಾತ್ರ ಪವರ್ ಬಟನ್ ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ವಾರಕ್ಕೆ ಎರಡು ಮೂರು ಸಲ ಹೀಗಾಗುತ್ತಿದ್ದರೆ ಮೊದಲು ವರದಿಯನ್ನು ಬೇರೆ ಕಡೆ ಕಾಪಿ ಮಾಡಿಟ್ಟು, ಆಮೇಲೆ ಹುಡುಕುವ ಜಾಗದಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ರಾತ್ರಿ ಓಡಿಸಿಬಿಡಿ. ಅದು ರ‍್ಯಾಮ್‌ನಲ್ಲಿ ದೋಷ ತೋರಿಸಿದರೆ ಆ ಫಲಿತಾಂಶದ ಫೋಟೋ ತೆಗೆದುಕೊಂಡೇ ರಿಪೇರಿ ಅಂಗಡಿಗೆ ಹೋಗಿ.