ನೇರಳಾತೀತ ಪಿಕೋಸೆಕೆಂಡ್ ಪಲ್ಸ್‌ಗಳು: ಬರ್ಸ್ಟ್ ಏಕೆ, ಅದರ ಬಾಲ ಕುಗ್ಗುವುದೇಕೆ?

1064 ನ್ಯಾನೋಮೀಟರ್‌ನ ಅವಕೆಂಪು ಪಲ್ಸ್‌ಗಳಿಂದ 355 ನ್ಯಾನೋಮೀಟರ್‌ನ ನೇರಳಾತೀತ ಬೆಳಕನ್ನು ಪಡೆಯುವಾಗ ಪಲ್ಸ್‌ಗಳನ್ನು ಎಡೆಬಿಡದೆ ಹರಿಸದೆ ಬರ್ಸ್ಟ್‌ಗಳಾಗಿ, ಅಂದರೆ ನಡುನಡುವೆ ಬಿಡುವಿರುವ ಪಲ್ಸ್‌ಗಳ ಗೊಂಚಲುಗಳಾಗಿ, ಏಕೆ ಕಳಿಸುತ್ತಾರೆ, ಬರ್ಸ್ಟ್‌ನ ಕೊನೆಯಲ್ಲಿ ಬೆಳಕು ಏಕೆ ಕುಗ್ಗುತ್ತದೆ ಎಂದು ಕೇಳಿದ್ದೀರಿ.

ಮೊದಲ ಪ್ರಶ್ನೆಗೆ ಅಮೆರಿಕದ ಓಕ್ ರಿಡ್ಜ್‌ನಲ್ಲಿರುವ, ವೇಗವರ್ಧಕದಿಂದ ನ್ಯೂಟ್ರಾನ್‌ಗಳನ್ನು ಹೊರಡಿಸುವ ಸ್ಪಾಲೇಷನ್ ನ್ಯೂಟ್ರಾನ್ ಸೋರ್ಸ್ ಒಳ್ಳೆಯ ಉದಾಹರಣೆ. ಅಲ್ಲಿ ಸುಮಾರು 1 ಜಿಇವಿ (ನೂರು ಕೋಟಿ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಯ ಋಣ ಹೈಡ್ರೋಜನ್ ಅಯಾನುಗಳಿಂದ ಎಲೆಕ್ಟ್ರಾನ್‌ಗಳನ್ನು ಕಳಚಲು ಇಂಗಾಲದ ತೆಳು ಹಾಳೆಯ ಬದಲು ಕಾಂತಗಳ ಜೊತೆಗೆ 355 ನ್ಯಾನೋಮೀಟರ್ ಲೇಸರನ್ನು ಬಳಸಿ, 10 ಮೈಕ್ರೋಸೆಕೆಂಡ್ ಉದ್ದದ ಕಿರಣದಲ್ಲಿ 2016ರಲ್ಲಿ ಯಶಸ್ವಿಯಾದರು. ಅಯಾನುಗಳ ಗುಂಪುಗಳು 402.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸುಮಾರು 2.5 ನ್ಯಾನೋಸೆಕೆಂಡಿಗೊಂದರಂತೆ ಬರುತ್ತವೆ. ಪ್ರತಿ ಗುಂಪಿಗೂ ಮೆಗಾವ್ಯಾಟ್ ಮಟ್ಟದ ಪಲ್ಸ್ ಬೇಕು. ಪಲ್ಸ್ 50 ಪಿಕೋಸೆಕೆಂಡ್ (ಒಂದು ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು) ಎಂದಿಟ್ಟುಕೊಂಡರೆ ತಲಾ 50 ಮೈಕ್ರೋಜೌಲ್ ಆಗುತ್ತದೆ, ಅದನ್ನು ಎಡೆಬಿಡದೆ ಕೊಡಲು ಸರಾಸರಿ 20 ಕಿಲೋವ್ಯಾಟ್ ನೇರಳಾತೀತ ಬೆಳಕು ಬೇಕು, ಅಂಥ ಲೇಸರ್ ಎಲ್ಲಿಂದ ತರುವುದು? ಅದನ್ನೇ 10 ಮೈಕ್ರೋಸೆಕೆಂಡಿನ ಬರ್ಸ್ಟ್ ಆಗಿ ಸೆಕೆಂಡಿಗೆ 10 ಬಾರಿ ಮಾತ್ರ ಕೊಟ್ಟರೆ ಸರಾಸರಿ 2 ವ್ಯಾಟ್ ಸಾಕು.

ಅವಕೆಂಪಿನಿಂದ ನೇರಳಾತೀತಕ್ಕೆ ಪರಿವರ್ತನೆ ಎರಡು ಹರಳುಗಳಲ್ಲಿ ನಡೆಯುತ್ತದೆ. ಮೊದಲ ಹರಳಿನಲ್ಲಿ ಎರಡು ಅವಕೆಂಪು ಫೋಟಾನ್‌ಗಳು ಕೂಡಿ 532 ನ್ಯಾನೋಮೀಟರ್‌ನ ಒಂದು ಹಸಿರು ಫೋಟಾನ್ ಆಗುತ್ತದೆ. ಆ ಹರಳು ಸಾಮಾನ್ಯವಾಗಿ ಲಿಥಿಯಂ ಟ್ರೈಬೊರೇಟ್, ಅಂದರೆ ಎಲ್‌ಬಿಒ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ನ ಪುಟ್ಟ ಒಲೆಯಲ್ಲಿಟ್ಟರೆ ಅದರಲ್ಲಿ ಅವಕೆಂಪು ಮತ್ತು ಹಸಿರು ಕಿರಣಗಳು ಒಂದಕ್ಕೊಂದು ಓರೆಯಾಗದೆ ಹೆಜ್ಜೆಹಾಕುತ್ತವೆ. ಎರಡನೆಯ ಹರಳಿನಲ್ಲಿ 532 ನ್ಯಾನೋಮೀಟರ್‌ನ ಒಂದು ಫೋಟಾನ್ ಉಳಿದ ಅವಕೆಂಪಿನ ಒಂದು ಫೋಟಾನ್‌ನೊಡನೆ ಕೂಡಿ 355 ಆಗುತ್ತದೆ. ಆದ್ದರಿಂದ ಮೊದಲ ಹರಳಿನಲ್ಲಿ ಶಕ್ತಿಯ ಮೂರನೇ ಎರಡು ಭಾಗವಷ್ಟೇ ಹಸಿರಾಗಬೇಕು. ಹಸಿರನ್ನು ಗರಿಷ್ಠಗೊಳಿಸಿ ಸಂತೋಷಪಡುವುದು ಹೊಸಬರ ತಪ್ಪು, ನಾನೂ ಮಾಡಿದ್ದೇನೆ.

ಇನ್ನು ಬಾಲ ಕುಗ್ಗುವ ವಿಷಯ. ಅವಕೆಂಪು ಪಲ್ಸ್‌ಗಳನ್ನು ಬಲಪಡಿಸುವ ವರ್ಧಕದಲ್ಲಿ ಕೂಡಿಟ್ಟ ಶಕ್ತಿಯನ್ನು ಮೊದಲು ಬರುವ ಪಲ್ಸ್‌ಗಳು ತಿಂದುಬಿಡುವುದರಿಂದ ಆಮೇಲೆ ಬರುವವಕ್ಕೆ ಕಡಿಮೆ ಸಿಗುತ್ತದೆ, ಮತ್ತು ಪರಿವರ್ತನೆ ದುರ್ಬಲವಾಗಿರುವಾಗ ನೇರಳಾತೀತ ತೀವ್ರತೆ ಅವಕೆಂಪು ತೀವ್ರತೆಯ ಘನವನ್ನು ಹಿಂಬಾಲಿಸುವುದರಿಂದ ಅವಕೆಂಪಿನ 5 ಶೇಕಡಾ ಇಳಿತ ನೇರಳಾತೀತದಲ್ಲಿ ಸುಮಾರು 14 ಶೇಕಡಾ ಆಗುತ್ತದೆ. ವರ್ಧಕಕ್ಕೆ ಹೋಗುವ ಬೀಜ ಬರ್ಸ್ಟ್‌ನ, ಅಂದರೆ ಇನ್ನೂ ಬಲಪಡಿಸದ ಮೂಲ ಬರ್ಸ್ಟ್‌ನ, ತಲೆಯನ್ನು ತಗ್ಗಿಸಿ ಬಾಲವನ್ನು ಏರಿಸಿ ರೂಪಿಸುವುದೇ ಇದಕ್ಕೆ ಮದ್ದು. ಪವರ್ ಮೀಟರನ್ನು ಮಾತ್ರ ನಂಬಬೇಡಿ, ಅದು ಸರಾಸರಿಯನ್ನಷ್ಟೇ ತೋರಿಸುತ್ತದೆ. ವೇಗದ ಫೋಟೋಡಯೋಡಿನ ಸಂಕೇತವನ್ನು ಆಸಿಲೋಸ್ಕೋಪಿನಲ್ಲಿ ನೋಡಿದ ದಿನವೇ ನನಗೆ ಬರ್ಸ್ಟ್‌ನ ಕೊನೆಯ ಕಾಲುಭಾಗ ಇಲ್ಲವೆಂಬುದು ಗೊತ್ತಾಗಿದ್ದು.