ಆಪ್ತಸಲಹೆ ಪ್ರಕರಣ: ಮೆಡಿಕಲ್ ಶಾಪಿನವರ ಮಗಳು

(ಮನೆಯವರ ಗುರುತು ಸಿಗಬಾರದೆಂದು ಹೆಸರು, ಊರು, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಗೆ ಸೀಟು ಕೊಟ್ಟ ಕಾಲೇಜುಗಳ ಹೆಸರನ್ನೂ ಹೇಳುವುದಿಲ್ಲ.)

ಏಪ್ರಿಲ್ ಎರಡನೇ ವಾರ ಅಪ್ಪ, ಮಗಳು ಶಿವಮೊಗ್ಗದ ನನ್ನ ಕೋಣೆಗೆ ಬಂದರು. ಅಪ್ಪನ ಕೈಯಲ್ಲಿ ದಪ್ಪ ಫೈಲು. ಮಗಳು ಬರಿಗೈ. ಮಲೆನಾಡಿನ ಒಂದು ತಾಲ್ಲೂಕಿನ ಪೇಟೆಯಲ್ಲಿ ಅವರದು ಹಳೇ ಮೆಡಿಕಲ್ ಶಾಪು. ಮಗಳನ್ನು ಸಿಂಧು ಅಂತ ಕರೆಯೋಣ, ವಯಸ್ಸು 18. ಅಮೆರಿಕದಲ್ಲಿ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು, ಹತ್ತಾರು ಸಾವಿರ ಮಕ್ಕಳು ಓದುವ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ. ಇನ್ನೊಂದು, ಮಿಡ್‌ವೆಸ್ಟ್ ಅನ್ನುವ ಅಮೆರಿಕದ ನಡು-ಉತ್ತರ ಭಾಗದ ಪುಟ್ಟ ಊರಿನಲ್ಲಿರುವ ಲಿಬರಲ್ ಆರ್ಟ್ಸ್ ಕಾಲೇಜು. ಅಲ್ಲಿ ಎಲ್ಲ ವರ್ಷದವರನ್ನು ಸೇರಿಸಿದರೂ 2,000 ಮಕ್ಕಳಿಲ್ಲ. ಮೇ 1ರೊಳಗೆ ಒಂದನ್ನು ಒಪ್ಪಿ ಮುಂಗಡ ಕಟ್ಟಬೇಕಿತ್ತು.

ಸಿಂಧುಗೆ ಪುಟ್ಟ ಕಾಲೇಜೇ ಬೇಕು. ಅಪ್ಪನಿಗೆ ಬೇಡ.

"ಆರ್ಟ್ಸ್ ಓದೋಕೆ ಅಷ್ಟು ದೂರ ಯಾಕೆ ಮೇಡಂ? ಗೂಗಲ್ ಮ್ಯಾಪಲ್ಲಿ ನೋಡಿದೆ. ಸುತ್ತ ಬರೀ ಮೆಕ್ಕೆಜೋಳದ ಹೊಲ. ಅದನ್ನ ನೋಡೋಕೆ ಅಮೆರಿಕಾಕ್ಕೆ ಹೋಗ್ಬೇಕಾ, ಶಿಕಾರಿಪುರದಲ್ಲಿ ಇಲ್ವಾ?"

ನನಗೆ ನಗು ಬಂತು. ಸಿಂಧು ನಗಲಿಲ್ಲ.

ಆರ್ಟ್ಸ್ ವಿಷಯವನ್ನು ಬೇಗ ಮುಗಿಸಿದೆವು. ಆ ಹೆಸರಿನ ಕಾಲೇಜುಗಳಲ್ಲಿ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಎಲ್ಲವನ್ನೂ ಕಲಿಸುತ್ತಾರೆ. ಯಾವುದನ್ನು ಮುಖ್ಯವಾಗಿ ಓದಬೇಕು ಅಂತ ಮೊದಲ ದಿನವೇ ಹೇಳಬೇಕಾಗಿಲ್ಲ, ಅಷ್ಟೇ. ಇಂಟೆಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಡಿಗ್ರಿ ಮುಗಿಸಿದ್ದು ಅಯೋವಾದ ಗ್ರಿನೆಲ್ ಎಂಬ ಇಂಥದೇ ಸಣ್ಣ ಕಾಲೇಜಿನಲ್ಲಿ. ಇಂಟೆಲ್ ಹೆಸರು ಕೇಳಿದ್ದೇ ಅಪ್ಪ ಸ್ವಲ್ಪ ಸಮಾಧಾನವಾದರು. ಸಿಂಧುವಿನ ಖರ್ಚಿನ ಮುಕ್ಕಾಲು ಭಾಗವನ್ನು ಆ ಪುಟ್ಟ ಕಾಲೇಜೇ ಭರಿಸುತ್ತದೆ ಅನ್ನುವುದೂ ಸೀಟಿನ ಪತ್ರದಲ್ಲಿತ್ತು. ಆದರೂ ಮುಖ ಅರಳಲಿಲ್ಲ. ಇನ್ನೇನೋ ಇದೆ ಅನ್ನಿಸಿತು. ಕೆಳಗಿನ ಹೋಟೆಲಲ್ಲಿ ಒಂದು ಕಾಫಿ ಕುಡಿದು ಬನ್ನಿ ಸರ್ ಅಂತ ಕಳಿಸಿದೆ.

ಕದ ಮುಚ್ಚಿದ ಮೇಲೆ ಸಿಂಧುವನ್ನು ಒಂದೇ ಪ್ರಶ್ನೆ ಕೇಳಿದೆ. ಆ ಕಾಲೇಜೇ ಯಾಕೆ?

"ಅಲ್ಲಿ ಯಾರಿಗೂ ನಾನು ಗೊತ್ತಿಲ್ಲ ಮೇಡಂ."

ಆಮೇಲೆ ಮಾತು ತಾನಾಗಿ ಬಂತು. ಊರಲ್ಲಿ ಅವಳಿಗೆ ಹೆಸರಿಲ್ಲ. ಅವಳು ಮೆಡಿಕಲ್ ಶಾಪಿನವರ ಮಗಳು. ಹತ್ತನೇ ಕ್ಲಾಸಲ್ಲಿ ಒಬ್ಬ ಸಹಪಾಠಿ ಜೊತೆ ಬಸ್ ಸ್ಟ್ಯಾಂಡಲ್ಲಿ ಐದು ನಿಮಿಷ ನಿಂತಿದ್ದಳು. ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಅಂಗಡಿ ಮುಟ್ಟಿತ್ತು. ಪಿಯುಗೆ ಬೆಂಗಳೂರಿಗೆ ಹೋದರೆ ಅಲ್ಲಿ ಚಿಕ್ಕಮ್ಮನ ಮನೆ. ಕ್ಲಾಸಿಗೆ ಒಂದು ದಿನ ಹೋಗದಿದ್ದರೆ ಕಾಲೇಜಿನಿಂದ ಅಪ್ಪನ ಮೊಬೈಲಿಗೆ ಮೆಸೇಜು.

ಈಗ ನಾನು ಒಂದು ಲೆಕ್ಕ ಹಾಕಿಸಿದೆ. ನಿಮ್ಮ ಊರಿನ ಜನಸಂಖ್ಯೆ ಎಷ್ಟು? ಆ ಕಾಲೇಜಿನಲ್ಲಿ ಎಷ್ಟು ಜನ? ಒಂದು ಕ್ಲಾಸಲ್ಲಿ 15 ಜನ ಕೂತರೆ, ಹದಿನೈದನೆಯವಳು ಬಂದಿಲ್ಲ ಅಂತ ಗೊತ್ತಾಗದೆ ಇರುತ್ತಾ? ಎಲ್ಲರೂ ಒಂದೇ ಹಾಲ್‌ನಲ್ಲಿ ಊಟ ಮಾಡುವ ಕಡೆ, ಮೂರು ದಿನ ನೀನು ಕಾಣದಿದ್ದರೆ ಯಾರೂ ಕೇಳುವುದಿಲ್ಲವಾ?

ಅವಳು ಸುಮ್ಮನಾದಳು. ಯಾರ ಕಣ್ಣಿಗೂ ಬೀಳದೆ ಇರಬೇಕು ಅಂತ ಹೊರಟವಳು, ನಮ್ಮ ಪೇಟೆಗಿಂತ ಹತ್ತು ಪಟ್ಟು ಚಿಕ್ಕದಾದ ಪೇಟೆಯನ್ನು ಆರಿಸಿದ್ದಳು. ಕಾಲೇಜಿನ ಫೋಟೋಗಳಲ್ಲಿ ಮರ, ಹುಲ್ಲು, ಹಿಮ ಎಲ್ಲ ಇತ್ತು. ಇದೊಂದು ಇರಲಿಲ್ಲ.

ಬೇಡ ಅಂತ ನಾನು ಹೇಳಲಿಲ್ಲ. ಹೇಳುವುದು ನನ್ನ ಕೆಲಸವೂ ಅಲ್ಲ. ಮೊದಲು ಆ ಜಾಗದ ದಿನಚರಿ ತಿಳಿದುಕೋ ಅಂದೆ. ಟಿಕೆಟ್ ಹಾಕಿ ನೋಡಿಕೊಂಡು ಬರುವ ಸ್ಥಿತಿ ಅವರದಾಗಿರಲಿಲ್ಲ. ಇಲ್ಲಿಂದಲೇ ಹೇಗೆ?

ನಾನು ಕೊಟ್ಟ ಮೊದಲ ಸಲಹೆ ತಪ್ಪಾಯಿತು, ಅದನ್ನೂ ಹೇಳಿಬಿಡುತ್ತೇನೆ. ಕಾಲೇಜಿನವರ ಆನ್‌ಲೈನ್ ಸಭೆಗಳಿಗೆಲ್ಲ ಕೂರು ಅಂದಿದ್ದೆ. ನಾಲ್ಕು ಸಭೆಗೆ ಕೂತು, ನಾಲ್ಕು ಪುಟ ಬರೆದುಕೊಂಡು ಬಂದಳು. ನಾಲ್ಕರಲ್ಲೂ ಒಂದೇ ಮಾತು: ನಾವೆಲ್ಲ ಒಂದು ಕುಟುಂಬ ಇದ್ದ ಹಾಗೆ. ಮದುವೆ ಮನೆಗೆ ಹೋಗಿ ಆ ಮನೆಯ ಸಂಸಾರ ಹೇಗಿದೆ ಅಂತ ಕೇಳಿದ ಹಾಗಾಯಿತು.

ಎರಡನೇ ಸಲ ದಾರಿ ಬದಲಿಸಿದೆ. ಅಂಥ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ ಇರುತ್ತದೆ. ಗ್ರಿನೆಲ್‌ನ 'ಸ್ಕಾರ್ಲೆಟ್ ಅಂಡ್ ಬ್ಲ್ಯಾಕ್' 1894ರಿಂದ ಬರುತ್ತಿದೆ. ಕಾರ್ಲ್‌ಟನ್ ಎಂಬ ಇನ್ನೊಂದು ಸಣ್ಣ ಕಾಲೇಜಿನಲ್ಲಿ 'ಕಾರ್ಲ್‌ಟೋನಿಯನ್' ಇದೆ. ನಿನ್ನ ಕಾಲೇಜಿನ ಪತ್ರಿಕೆಯ ಹಳೇ ಸಂಚಿಕೆ ಓದು, ಅದರಲ್ಲೂ ಫೆಬ್ರವರಿಯವು ಅಂದೆ. ಆಗಸ್ಟ್‌ನಲ್ಲಿ ಎಲ್ಲ ಕಾಲೇಜೂ ಚೆಂದ. ಫೆಬ್ರವರಿಯಲ್ಲಿ ಹಿಮ ಸುರಿದು, ಸಂಜೆ ಐದೂವರೆಗೇ ಕತ್ತಲಾಗಿ, ಎಲ್ಲರಿಗೂ ಎಲ್ಲರ ಮೇಲೂ ಸಿಡಿಮಿಡಿ. ಒಂದು ಮನೆ ಎಂಥದು ಅಂತ ತಿಳಿಯಬೇಕಾದರೆ ಆ ಮನೆಯವರು ಯಾವುದಕ್ಕೆ ಜಗಳ ಆಡುತ್ತಾರೆ ಅಂತ ನೋಡಬೇಕು.

ಇದು ಫಲ ಕೊಟ್ಟಿತು. ಅವರು ಊಟದ ಹಾಲ್ ಬೇಗ ಮುಚ್ಚುತ್ತಾರೆ ಅಂತ ಜಗಳ ಆಡುತ್ತಿದ್ದರು. ಹಾಸ್ಟೆಲ್‌ನ ನಿಯಮ ಮಾಡುವಾಗ ನಮ್ಮನ್ನು ಕೇಳಲಿಲ್ಲ ಅಂತ ಆಡಳಿತದ ಮೇಲೆ ಹರಿಹಾಯ್ದಿದ್ದರು. ಸಿಂಧು ಕಣ್ಣರಳಿಸಿ ಹೇಳಿದಳು: "ಪ್ರಿನ್ಸಿಪಾಲರಿಗೆ ಹೆಸರು ಹಾಕಿ ಬೈದಿದಾರೆ ಮೇಡಂ. ಯಾರನ್ನೂ ಸಸ್ಪೆಂಡ್ ಮಾಡಿಲ್ಲ."

ಓದುತ್ತಾ ಹೋದ ಹಾಗೆ ಬೇರೆ ಕಾಲೇಜುಗಳ ಸಂಗತಿಗಳನ್ನೂ ಅವಳೇ ನನಗೆ ತಂದುಕೊಟ್ಟಳು. ಪೆನ್ಸಿಲ್ವೇನಿಯಾದ ಹ್ಯಾವರ್‌ಫೋರ್ಡ್‌ನಲ್ಲಿ ಪರೀಕ್ಷೆಗೆ ಮೇಲ್ವಿಚಾರಕರಿಲ್ಲ. ಪ್ರಾಮಾಣಿಕತೆಯ ನಿಯಮಗಳನ್ನು ವಿದ್ಯಾರ್ಥಿಗಳೇ ನೋಡಿಕೊಳ್ಳುತ್ತಾರೆ. ಪೋರ್ಟ್‌ಲ್ಯಾಂಡ್‌ನ ರೀಡ್‌ನಲ್ಲಿ ಗ್ರೇಡ್ ಇದೆ, ಆದರೆ ಚೆನ್ನಾಗಿ ಓದುತ್ತಿರುವವರಿಗೆ ಕೇಳದೆ ಹೇಳುವುದಿಲ್ಲ. ಮೌಂಟ್ ಹೋಲಿಯೋಕ್‌ನಲ್ಲಿ ಅಕ್ಟೋಬರ್ ಹೊತ್ತಿಗೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಗಂಟೆ ಹೊಡೆಯುತ್ತಾರೆ, ಅವತ್ತು ಕ್ಲಾಸಿಲ್ಲ, ಎಲ್ಲರೂ ಬೆಟ್ಟಕ್ಕೆ. ಕಾರ್ಲ್‌ಟನ್‌ನಲ್ಲಿ ಡೇಸಿ ಮೋಸಸ್ ಅನ್ನುವ ಅಜ್ಜಿಯ ಮನೆ ಇದೆ. ಅವರು ಕಾಲೇಜಿನಲ್ಲೇ ಕೆಲಸಕ್ಕಿದ್ದವರು, ತೀರಿಕೊಂಡಾಗ ಮನೆಯನ್ನು ಕಾಲೇಜಿಗೆ ಬಿಟ್ಟುಹೋದರು. ಇವತ್ತಿಗೂ ಯಾವ ವಿದ್ಯಾರ್ಥಿ ಬೇಕಾದರೂ ಒಳಗೆ ಹೋಗಿ ಕುಕೀಸ್ ಬೇಯಿಸಿಕೊಳ್ಳಬಹುದು. ಹಿಟ್ಟು, ಸಕ್ಕರೆ, ಬೆಣ್ಣೆ ಅಲ್ಲೇ ಇರುತ್ತದೆ. ಈ ಅಜ್ಜಿಯ ಸುದ್ದಿ ಹೇಳುವಾಗ ಅವಳ ದನಿ ಬೇರೆಯೇ ಇತ್ತು. ಯಾರೂ ನನ್ನನ್ನು ನೋಡಬಾರದು ಅನ್ನುವವಳು ಈ ಮನೆಗೆ ಯಾಕೆ ಮರುಳಾದಳು? ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ, ಆಗಲೇ ಕೇಳಲಿಲ್ಲ.

ಅಪ್ಪನಿಗೂ ಕೆಲಸ ಬೇಕಿತ್ತು. ಕೆಲಸವಿಲ್ಲದ ಅಪ್ಪ ಚಿಂತೆ ಜಾಸ್ತಿ ಮಾಡುತ್ತಾರೆ. ಅಮೆರಿಕದ ಹೆಚ್ಚಿನ ಕಾಲೇಜುಗಳು ಕಾಮನ್ ಡೇಟಾ ಸೆಟ್ ಎಂಬ ಲೆಕ್ಕಪತ್ರ ಹೊರಗೆ ಹಾಕುತ್ತವೆ. ಮೊದಲ ವರ್ಷ ಸೇರಿದವರಲ್ಲಿ ನೂರಕ್ಕೆ ಎಷ್ಟು ಜನ ಎರಡನೇ ವರ್ಷಕ್ಕೆ ವಾಪಸ್ ಬಂದರು, ಹಾಸ್ಟೆಲ್‌ನಲ್ಲಿ ಎಷ್ಟು ಜನ ಇರುತ್ತಾರೆ, 20ಕ್ಕಿಂತ ಕಮ್ಮಿ ಮಕ್ಕಳಿರುವ ಕ್ಲಾಸು ಎಷ್ಟು, ಎಲ್ಲ ಅದರಲ್ಲಿ ಸಿಗುತ್ತದೆ. 1990ರ ಕ್ಲೆರಿ ಕಾಯ್ದೆ ಪ್ರಕಾರ ಕ್ಯಾಂಪಸ್‌ನಲ್ಲಿ ನಡೆದ ಅಪರಾಧ, ಕುಡಿತದ ಪ್ರಕರಣಗಳ ಮೂರು ವರ್ಷದ ಲೆಕ್ಕವನ್ನೂ ಪ್ರತಿವರ್ಷ ಪ್ರಕಟಿಸಬೇಕು. ಎರಡೂ ಕಾಲೇಜಿನದನ್ನು ತೆಗೆದು ನೋಡಿ ಸರ್ ಅಂದೆ. ಸ್ಟಾಕ್ ರಿಜಿಸ್ಟರ್ ನೋಡುವ ಹಾಗೆ ಸಾಲು ಸಾಲಾಗಿ ಟಿಕ್ ಹಾಕಿಕೊಂಡು ಬಂದರು. ಒಂದು ಎಚ್ಚರಿಕೆ ಕೊಟ್ಟಿದ್ದೆ: ಲೈಂಗಿಕ ದೌರ್ಜನ್ಯದ ಕಡೆ ಸೊನ್ನೆ ಅಂತಿದ್ದರೆ ಕೂಡಲೇ ಖುಷಿಪಡಬೇಡಿ, ದೂರು ಕೊಡುವ ಧೈರ್ಯವೇ ಅಲ್ಲಿಲ್ಲ ಅಂತಲೂ ಇರಬಹುದು. ಅದನ್ನೂ ಒಂದು ಮೂಲೆಯಲ್ಲಿ ಬರೆದುಕೊಂಡಿದ್ದರು.

ಇನ್ನು ಮಾತುಕತೆ. ಮೂರು ವಿದ್ಯಾರ್ಥಿಗಳ ಜೊತೆ ಮಾತಾಡು, ಅದರಲ್ಲಿ ಒಬ್ಬರಾದರೂ ಕಾಲೇಜಿನವರೇ ಗೊತ್ತುಮಾಡಿ ಕೊಟ್ಟವರಾಗಿರಬಾರದು ಅಂದೆ. ಅಲ್ಲಿ ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅಂತಾರೆ, ಅಷ್ಟೇ. ಅದಕ್ಕೆ ಪ್ರಶ್ನೆಗಳನ್ನು ಇಬ್ಬರೂ ಕೂತು ಬರೆದೆವು. ಕಳೆದ ಮಂಗಳವಾರ ರಾತ್ರಿ ಒಂಬತ್ತಕ್ಕೆ ಏನು ಮಾಡುತ್ತಿದ್ದೆ? ಶನಿವಾರ ಕುಡಿಯದೆ ಇರುವವರು ಎಲ್ಲಿ ಹೋಗುತ್ತಾರೆ? ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಎಲ್ಲರೂ ಮನೆಗೆ ಹೋದಾಗ ನೀನು ಎಲ್ಲಿದ್ದೆ, ಊಟ ಎಲ್ಲಿ? ಸ್ನೇಹಿತೆ ಜೊತೆ ಜಗಳ ಆದರೆ, ಇಷ್ಟು ಚಿಕ್ಕ ಜಾಗದಲ್ಲಿ ಅವಳಿಂದ ಹೇಗೆ ತಪ್ಪಿಸಿಕೊಳ್ಳುತ್ತೀಯ? ಕೊನೆಯದು ಸಿಂಧುವಿನದೇ ಪ್ರಶ್ನೆ. ಇದ್ದುದರಲ್ಲಿ ಒಳ್ಳೆಯ ಪ್ರಶ್ನೆ ಅದೇ.

ಅಲ್ಲಿ ಸಂಜೆ ಏಳಾದರೆ ಇಲ್ಲಿ ಬೆಳಿಗ್ಗೆ ಐದೂವರೆ. ಅಮ್ಮ ಎದ್ದು ಕಾಫಿ ಮಾಡಿಕೊಟ್ಟು, ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರಂತೆ.

ಮೂರನೇ ಕರೆ ಮುಗಿದ ದಿನ ಸಿಂಧು ಸಿಟ್ಟಲ್ಲಿ ಬಂದಳು. ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿ ಹೇಳಿದ್ದಳಂತೆ: ಮೊದಲ ಸೆಮಿಸ್ಟರ್‌ನಲ್ಲಿ ಮನಸ್ಸಿಗೆ ಸರಿಯಿಲ್ಲದೆ ಎರಡು ಕ್ಲಾಸಿಗೆ ಹೋಗಲಿಲ್ಲ, ಪ್ರೊಫೆಸರರಿಂದಲೇ ಇಮೇಲ್ ಬಂತು, ಹುಷಾರಾಗಿದ್ದೀಯಾ ಅಂತ.

"ಅಲ್ಲೂ ಅದೇ ಕಥೆ ಮೇಡಂ. ಹಾಜರಿ ಮೆಸೇಜು."

ಆ ಇಮೇಲ್ ಯಾರಿಗೆ ಹೋಯಿತು ಅಂತ ಕೇಳಿದೆ.

ಸ್ವಲ್ಪ ಹೊತ್ತು ಬೇಕಾಯಿತು. "ಅವಳಿಗೇ."

ಅವಳ ಅಪ್ಪನಿಗೆ?

"ಇಲ್ಲ."

ಇಲ್ಲಿ ಒಂದು ಕಾನೂನಿನ ವಿಷಯ ಹೇಳಬೇಕಾಯಿತು. ಅಮೆರಿಕದಲ್ಲಿ 1974ರಲ್ಲಿ ಬಂದ ಫರ್ಪಾ ಎಂಬ ಕಾಯ್ದೆ ಇದೆ. ಕಾಲೇಜು ಸೇರಿದ ಮೇಲೆ ಓದಿನ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದು. ಜೀವಕ್ಕೆ ಅಪಾಯದಂಥ ಸಂದರ್ಭ ಮತ್ತು ಕೆಲವು ವಿನಾಯಿತಿ ಬಿಟ್ಟರೆ, ಅವಳು ಸಹಿ ಹಾಕದೆ ಅಂಕಗಳನ್ನು ಕಾಲೇಜು ಹೆತ್ತವರಿಗೆ ಹೇಳುವ ಹಾಗಿಲ್ಲ. ನಮ್ಮ ಪೇಟೆಯ ಕಣ್ಣು ನೋಡುವುದು ಅಂಗಡಿಗೆ ಹೋಗಿ ಹೇಳುವುದಕ್ಕೆ. ಈ ಪ್ರೊಫೆಸರ್ ನೋಡಿದ್ದು ಅವಳನ್ನೇ ಕೇಳುವುದಕ್ಕೆ. ನಿನಗೆ ಬೇಡವಾಗಿರುವುದು ನೋಡುವ ಕಣ್ಣೋ, ಚಾಡಿ ಹೇಳುವ ಬಾಯೋ? ಇಷ್ಟು ಕೇಳಿ, ಅಜ್ಜಿ ಮನೆ ಕುಕೀಸ್ ನೆನಪಿಸಿದೆ. ನೀನು ಅಲ್ಲಿಗೆ ಹೋದರೆ ಒಬ್ಬಳೇ ಬೇಯಿಸಿಕೊಂಡು ಒಬ್ಬಳೇ ತಿಂದು ಬರುತ್ತೀಯಾ?

ಉತ್ತರ ಕೊಡಲಿಲ್ಲ. ಅಳುತ್ತಿದ್ದಳು. ನಾನೂ ಒತ್ತಾಯ ಮಾಡಲಿಲ್ಲ.

ಮುಂದಿನ ವಾರ ಅಪ್ಪನನ್ನು ಕೂರಿಸಿ ಅದೇ ಕಾಯ್ದೆಯನ್ನು ವಿವರಿಸಿದೆ. ಕೋಣೆ ಬಿಸಿಯಾಯಿತು. "ದುಡ್ಡು ಕಟ್ಟೋನು ನಾನು. ಮಾರ್ಕ್ಸ್ ಕೇಳೋಕೆ ಅವಳ ಪರ್ಮಿಷನ್ ಬೇಕಾ?" ಬೇಕು ಸರ್ ಅಂದೆ. ದೊಡ್ಡ ವಿಶ್ವವಿದ್ಯಾಲಯಕ್ಕೆ ಕಳಿಸಿದರೂ ಬೇಕು. ಬಹಳ ಹೊತ್ತು ಫೈಲ್ ತಿರುವಿ ಹಾಕಿದರು. ಆಮೇಲೆ ಮೆಲ್ಲಗೆ ಹೇಳಿದರು: "ಇಲ್ಲಿ ಅವಳಿಗೆ ಜ್ವರ ಬಂದ್ರೆ ನನಗೆ ಮೊದಲು ಗೊತ್ತಾಗತ್ತೆ. ಅಲ್ಲಿ ಯಾರಿಗೆ ಗೊತ್ತಾಗತ್ತೆ ಮೇಡಂ?"

ಮೊದಲ ದಿನದಿಂದ ಅವರನ್ನು ಕೊರೆಯುತ್ತಿದ್ದುದು ಇದು. ಮೆಕ್ಕೆಜೋಳ, ಆರ್ಟ್ಸ್ ಎಲ್ಲ ನೆಪ. ಮಗಳು ಹೆದರಿದ್ದು ಯಾರಾದರೂ ನೋಡುತ್ತಾರೆ ಅಂತ, ಅಪ್ಪ ಹೆದರಿದ್ದು ಯಾರೂ ನೋಡುವುದಿಲ್ಲ ಅಂತ. ಸಿಂಧು ಆ ಇಮೇಲ್ ಸುದ್ದಿಯನ್ನು ಅಪ್ಪನಿಗೆ ಅವಳಾಗಿಯೇ ಹೇಳಿದಳು. ನಾನು ಕಿಟಕಿ ಕಡೆ ನೋಡುತ್ತಾ ಕೂತೆ.

ಕೊನೆಗೆ ನಾನು ಕೊಟ್ಟ ಸಲಹೆ ಇಷ್ಟು. ದಾಖಲೆ ತೋರಿಸುವ ಸಹಿಯನ್ನು ಈ ಕೋಣೆಯಲ್ಲಿ, ಅಪ್ಪ ಎದುರಿಗೆ ಕೂತಿರುವಾಗ, ಹಾಕುತ್ತೇನೆ ಅಂತ ಮಾತು ಕೊಡಬೇಡ. ಹೋಗಿ ಒಂದು ಸೆಮಿಸ್ಟರ್ ಆದಮೇಲೆ ಯೋಚಿಸು. ಭಾನುವಾರ ಒಂದು ಫೋನ್ ಕರೆ ಮಾತ್ರ ತಪ್ಪಿಸಬೇಡ. ಆ ಕರೆಯಲ್ಲಿ ಅಪ್ಪ ಅಂಕ ಕೇಳುವಂತಿಲ್ಲ. ಮೊದಲ ತಿಂಗಳಲ್ಲೇ ಪ್ರೊಫೆಸರ್ ಒಬ್ಬರ ಆಫೀಸ್ ಅವರ್ಸ್‌ಗೆ, ಅಂದರೆ ಮಕ್ಕಳು ಬಂದು ಮಾತಾಡಲಿ ಅಂತ ಅವರು ತಮ್ಮ ಕೋಣೆಯಲ್ಲಿ ಕೂರುವ ಹೊತ್ತಿಗೆ, ಹೋಗಿ ಬಾ, ಡೌಟ್ ಇಲ್ಲದಿದ್ದರೂ ಪರವಾಗಿಲ್ಲ. ನಮ್ಮ ಮಕ್ಕಳು ತಪ್ಪು ಮಾಡಿದಾಗ ಮಾತ್ರ ಸ್ಟಾಫ್ ರೂಮಿಗೆ ಹೋಗಿ ರೂಢಿ, ಅದಕ್ಕೆ ಹೇಳಿದೆ. ಒಬ್ಬಳೇ ಇರಬೇಕು ಅನ್ನಿಸಿದಾಗ ಇರಲು ಒಂದು ಜಾಗ ಹುಡುಕಿಕೋ.

ಏಪ್ರಿಲ್ 29ರ ರಾತ್ರಿ ಪುಟ್ಟ ಕಾಲೇಜಿಗೆ ಒಪ್ಪಿಗೆ ಕಳಿಸಿದರು.

ಡಿಸೆಂಬರ್‌ನಲ್ಲಿ ಅವಳ ಮೆಸೇಜು ಬಂತು. ಊಟದ ಹಾಲ್‌ನಲ್ಲಿ ಒಬ್ಬಳೇ ಕೂತರೆ ಯಾರಾದರೂ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಾರಂತೆ. "ಕೆಲವು ದಿನ ಸಾಕಪ್ಪಾ ಅನ್ಸತ್ತೆ. ಲೈಬ್ರರಿ ಮೂರನೇ ಮಹಡಿಯಲ್ಲಿ ಹಳೇ ನಕ್ಷೆಗಳ ಕಪಾಟಿನ ಹಿಂದೆ ಒಂದು ಕುರ್ಚಿ ಇದೆ. ಅದು ನಂದು."

ಅದೇ ವಾರ ಅವಳಪ್ಪ ಫೋನ್ ಮಾಡಿದರು. ಭಾನುವಾರ ಹಿಮ, ಊಟ, ಸ್ವೆಟರ್ ಬಿಟ್ಟು ಬೇರೇನೂ ಕೇಳಿಲ್ಲ ಅಂದರು. ಆಮೇಲೆ ಸ್ವಲ್ಪ ತಡೆದು: "ಮೇಡಂ, ನಿಮಗೇನಾದ್ರೂ ಮಾರ್ಕ್ಸ್ ಹೇಳಿದ್ಲಾ?"

ಇಲ್ಲ ಸರ್ ಅಂದೆ.

"ಹೋಗ್ಲಿ ಬಿಡಿ," ಅಂದರು. ಹಿಂದೆ ಅಂಗಡಿಯಲ್ಲಿ ಯಾರೋ ಕ್ರೋಸಿನ್ ಕೇಳುತ್ತಿದ್ದರು.