ಓದುಗರ ಪ್ರಶ್ನೆ: ಮೂರು ವಾರದಲ್ಲಿ ಎಷ್ಟು ರಷ್ಯನ್ ಕಲಿಯಬಹುದು?

ಪ್ರಶ್ನೆ: ಉದ್ಯಮಬಾಗಿನಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಪಂಪಿನ ಬಿಡಿಭಾಗಗಳ ಎರಕಕ್ಕಾಗಿ ರಷ್ಯಾದ ಗ್ರಾಹಕರೊಬ್ಬರು ವಿಚಾರಿಸಿದ್ದು, ಮಾತುಕತೆಗೆಂದು ನಾನೂ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಮಗಳೂ ಮಾಸ್ಕೋಗೆ ಹೊರಟಿದ್ದೇವೆ. ದುಭಾಷಿ ಇರುತ್ತಾರಾದರೂ ನಾಲ್ಕು ಮಾತು ಕಲಿತು ಹೋಗೋಣವೆಂದಿದೆ. ಕೈಯಲ್ಲಿರುವುದು ಮೂರು ವಾರ. ಎಲ್ಲಿಂದ ಆರಂಭಿಸಬೇಕು?
– ಓದುಗರು, ಬೆಳಗಾವಿ

ಉತ್ತರ: ಮಾತಿಗಿಂತ ಮೊದಲು ಅಕ್ಷರಗಳನ್ನು ಕಲಿಯಿರಿ. ರಷ್ಯನ್ ಲಿಪಿಯಲ್ಲಿರುವುದು 33 ಅಕ್ಷರಗಳು ಮಾತ್ರ; ನಮ್ಮ ಕಾಗುಣಿತವನ್ನು ಅರಗಿಸಿಕೊಂಡವರಿಗೆ ಒಂದು ವಾರದ ಸಂಜೆಗಳು ಸಾಕು. ತೊಡಕಾಗುವುದು ಹೊಸ ಆಕಾರದ ಅಕ್ಷರಗಳಲ್ಲ, ಇಂಗ್ಲಿಷಿನಂತೆ ಕಾಣುತ್ತ ಬೇರೆಯೇ ಉಚ್ಚಾರವಿರುವ ಅಕ್ಷರಗಳು. ಅಲ್ಲಿ ಇಂಗ್ಲಿಷಿನ ಪಿ ಆಕಾರಕ್ಕೆ ‘ರ’, ಸಿ ಆಕಾರಕ್ಕೆ ‘ಸ’, ಎಚ್ ಆಕಾರಕ್ಕೆ ‘ನ’, ಬಿ ಆಕಾರಕ್ಕೆ ‘ವ’ ಎಂಬ ಉಚ್ಚಾರವಿರುವುದರಿಂದ, ‘ರೆಸ್ತೊರಾನ್’ ಎಂಬ ಹೋಟೆಲಿನ ಫಲಕವನ್ನು ಹೊಸಬರು ‘ಪೆಕ್ಟೋಪಾಹ್’ ಎಂದು ಓದಿ ಮುಂದೆ ಹೋಗುತ್ತಾರೆ. ನಿಮ್ಮ ಕಸುಬಿನಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಅವರ ಡ್ರಾಯಿಂಗಿನಲ್ಲಿ ಬೂದು ಬೀಡುಕಬ್ಬಿಣದ ದರ್ಜೆಯನ್ನು ‘ಎಸ್ ಚೆ 20’ ಎಂದು ಬರೆದಿರುತ್ತಾರೆ. ಅದರ ಮೊದಲಕ್ಷರ ಇಂಗ್ಲಿಷಿನ ಸಿಯಂತೆಯೂ ಎರಡನೆಯದು 4ರ ಅಂಕಿಯಂತೆಯೂ ಕಾಣುವುದರಿಂದ ಅವಸರದಲ್ಲಿ ಓದಿದವರಿಗೆ ಅದು ‘ಸಿ 420’ ಆಗುತ್ತದೆ. ವಾಸ್ತವದಲ್ಲಿ ಅದು ನೀವು ದಿನವೂ ಎರಕ ಹೊಯ್ಯುವ, ಭಾರತೀಯ ಮಾನಕದ ಎಫ್‌ಜಿ 200ಕ್ಕೆ ಹತ್ತಿರದ ದರ್ಜೆ.

ದಶಮಾಂಶಕ್ಕೆ ಅವರು ಚುಕ್ಕೆಯ ಬದಲು ಅಲ್ಪವಿರಾಮವನ್ನು ಬಳಸುತ್ತಾರೆಂಬುದನ್ನು ಮಗಳಿಗೆ ಈಗಲೇ ಹೇಳಿಡಿ. ಅವರ ಕಾಗದದ 2,500 ಎರಡೂವರೆಯೇ ಹೊರತು ಎರಡೂವರೆ ಸಾವಿರವಲ್ಲ.

ಇನ್ನು ಮಾತು. ಭೇಟಿಯಾದಾಗ ‘ಜ್ದ್ರಾಸ್ತ್ವುಯ್ತೆ’ ಎನ್ನಬೇಕು; ನಾಲಿಗೆ ಹೊರಳುವವರೆಗೆ ಬಿಡಿಸಿ ಬಿಡಿಸಿ ಹೇಳಿಕೊಳ್ಳಿ. ಕೃತಜ್ಞತೆಗೆ ‘ಸ್ಪಸೀಬ’, ದಯವಿಟ್ಟು ಎನ್ನಲು ‘ಪಝಾಲುಸ್ತ’, ಕ್ಷಮಿಸಿ ಎನ್ನಲು ‘ಇಜ್ವಿನೀತೆ’, ಅರ್ಥವಾಗಲಿಲ್ಲ ಎನ್ನಲು ‘ಯಾ ನೆ ಪನಿಮಾಯು’. ಒತ್ತು ಬೀಳದ ಕಡೆ ಬರೆದ ‘ಒ’ ಬಾಯಲ್ಲಿ ‘ಅ’ ಆಗುತ್ತದೆ. ‘ಮೊಸ್ಕ್ವಾ’ ಎಂದು ಬರೆದು ‘ಮಸ್ಕ್ವಾ’ ಎನ್ನುವುದು ಇದಕ್ಕಾಗಿಯೇ. ಆದ್ದರಿಂದ ಪುಸ್ತಕಕ್ಕಿಂತ ಕಿವಿಯನ್ನು ನಂಬಿ. ರಷ್ಯಾದಲ್ಲಿ ವೈದ್ಯಕೀಯ ಓದಿ ಬಂದವರು ನಿಮ್ಮ ಪರಿಚಯದಲ್ಲಿದ್ದರೆ ಅವರಿಂದ ಈ ಮಾತುಗಳನ್ನು ಹೇಳಿಸಿ, ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ.

ಸಂಬೋಧನೆಯಲ್ಲಿ ಮಾತ್ರ ಬೆಳಗಾವಿಯವರಿಗೆ ಅರ್ಧ ಪಾಠ ಮೊದಲೇ ಬಂದಿದೆ. ನಮ್ಮಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುವ ಹಾಗೆ ಅವರಿಗೂ ಮೂರು ಹೆಸರುಗಳಿವೆ. ಗೌರವದಿಂದ ಕರೆಯುವಾಗ ಮೊದಲಿನ ಎರಡನ್ನು ಸೇರಿಸಿ ‘ಇಗೋರ್ ಪೆತ್ರೋವಿಚ್’, ಅಂದರೆ ಪ್ಯೋತ್ರನ ಮಗ ಇಗೋರ್, ಎನ್ನುತ್ತಾರೆ. ಮಗಳಾದರೆ ‘ಪೆತ್ರೋವ್ನ’. ಎದುರಿಗಿದ್ದವರಿಗೆ ‘ವೀ’ ಎಂಬ ಬಹುವಚನವನ್ನೇ ಬಳಸಬೇಕು. ಸಲಿಗೆಯ ‘ತೀ’ ಎಂಬ ಮಾತು, ನಾವು ಹಿರಿಯರೊಡನೆ ‘ರೀ’ ಬಿಟ್ಟು ಮಾತನಾಡಿದಷ್ಟೇ ಒರಟು. ಮತ್ತೊಂದು ಸೂಕ್ಷ್ಮವನ್ನು ಕನ್ನಡಕ್ಕಿಂತ ಊರಿನ ಮರಾಠಿಯೇ ಚೆನ್ನಾಗಿ ತಿಳಿಸುತ್ತದೆ: ಗಂಡಸು ‘ಮೀ ಆಲೋ’, ಹೆಂಗಸು ‘ಮೀ ಆಲೇ’ ಎನ್ನುವಂತೆ, ಬಂದೆ ಎನ್ನಲು ನೀವು ‘ಯಾ ಪ್ರಿಯೇಖಲ್’ ಎಂದರೆ ಮಗಳು ‘ಯಾ ಪ್ರಿಯೇಖಲ’ ಎನ್ನಬೇಕು.

ದರದ ಮಾತನ್ನು ಮಾತ್ರ ಕಲಿತ ರಷ್ಯನ್ನಿನಲ್ಲಿ ಆಡಲು ಹೋಗಬೇಡಿ. ಅದು ದುಭಾಷಿಯ ಕೆಲಸ. ಆದರೆ ‘ತ್ಸಿನಾ’ ಎಂದರೆ ಬೆಲೆ, ‘ಸ್ರೋಕ್’ ಎಂದರೆ ಗಡುವು, ‘ಅಬ್ರಜೇತ್ಸ್’ ಎಂದರೆ ಮಾದರಿ, ‘ಚುಗೂನ್’ ಎಂದರೆ ಬೀಡುಕಬ್ಬಿಣ, ‘ನಸೋಸ್’ ಎಂದರೆ ಪಂಪು ಎಂಬಷ್ಟು ಗೊತ್ತಿದ್ದರೆ, ಅನುವಾದವಾಗುವ ಮೊದಲೇ ಮಾತು ಯಾವ ಕಡೆಗೆ ಹೊರಳಿತೆಂದು ತಿಳಿಯುತ್ತದೆ. ಅಂದಹಾಗೆ ‘ಮಗಜೀನ್’ ಎಂದರೆ ಅಲ್ಲಿ ಅಂಗಡಿ; ನಮ್ಮ ಈ ಪತ್ರಿಕೆಯಂಥದನ್ನು ‘ಝುರ್ನಾಲ್’ ಎನ್ನುತ್ತಾರೆ.

ಪ್ರಶ್ನೆ: ನಾನು ಮಣೂಕದ, ಅಂದರೆ ಒಣದ್ರಾಕ್ಷಿಯ, ವ್ಯಾಪಾರಿ. ರಷ್ಯನ್ ಭಾಷೆ ಸಂಸ್ಕೃತದ ನಂಟಿನದು, ನಮಗೆ ಸುಲಭ ಎನ್ನುತ್ತಾರೆ. ನಿಜವೇ?
– ಓದುಗರು, ವಿಜಯಪುರ

ಉತ್ತರ: ನಂಟು ನಿಜ. ಭೇಟಿಯಿಂದ ಸಂತೋಷವಾಯಿತೆನ್ನುವ ‘ಓಚಿನ್ ಪ್ರಿಯಾತ್ನ’ದಲ್ಲಿ ನಮ್ಮ ‘ಪ್ರಿಯ’ ಇದೆ. ಶಾಕಾಹಾರಿಗಳು ಕಲಿಯಲೇಬೇಕಾದ ‘ಯಾ ನೆ ಯೇಮ್ ಮ್ಯಾಸ’, ಅಂದರೆ ನಾನು ಮಾಂಸ ತಿನ್ನುವುದಿಲ್ಲ, ಎಂಬುದರಲ್ಲಿ ‘ಮಾಂಸ’ವೇ ಇದೆ. ‘ದ್ವಾ’, ‘ತ್ರೀ’ ಎಂಬ ಅಂಕಿಗಳನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಈ ನಂಟನ್ನು ನಂಬಿ ಲೆಕ್ಕಕ್ಕೆ ಕೂರಬೇಡಿ. ‘ದ್ವಾತ್ಸತ್’ ಎಂದೊಡನೆ ನಮಗೆ ‘ದ್ವಾದಶ’ ನೆನಪಾಗುತ್ತದೆ. ಅವರಲ್ಲಿ ಅದು ಎರಡು ಹತ್ತುಗಳು, ಅಂದರೆ 20. ಹನ್ನೆರಡಕ್ಕೆ ‘ದ್ವಿನಾತ್ಸತ್’ ಎಂದು ನಡುವೆ ‘ನಾ’ ಸೇರಿಸಬೇಕು. 12 ಟನ್ನೆಂದುಕೊಂಡು 20 ಟನ್ ಮಣೂಕಕ್ಕೆ ತಲೆಯಾಡಿಸಿ ಬರುವ ಬದಲು, ಅಂಕಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ.